ಹನ್ನೆರಡನೆಯ ಸಾಲು

ಹೋಟೆಲಿನ ಹೆಸರು ಗಂಡನದು, ಕೆಲಸ ಹೆಂಡತಿಯದು. ಹಳೇಬೀಡಿನ ಬಸ್ ನಿಲ್ದಾಣದಿಂದ ಜಾವಗಲ್ ರಸ್ತೆಯಲ್ಲಿ ನಾನೂರು ಹೆಜ್ಜೆ ನಡೆದರೆ 'ರಾಮಣ್ಣನ ಹೋಟೆಲು' ಸಿಗುತ್ತದೆ. ಬೆಳಗಿನ ಇಡ್ಲಿ, ಹತ್ತು ಗಂಟೆಯ ಚಿತ್ರಾನ್ನ, ಸಂಜೆಯ ಮೆಣಸಿನಕಾಯಿ ಬಜ್ಜಿ, ಎಲ್ಲವೂ ಅನುಸೂಯಮ್ಮನವರ ಕೈಯದು. ರಾಮಣ್ಣ ಟೀ ಕಾಸುತ್ತಾರೆ, ಮೇಜು ಒರೆಸುತ್ತಾರೆ. ಯಾರಾದರೂ ಏನಾದರೂ ಕೇಳಿದರೆ ಉತ್ತರ ಕೊಡುತ್ತಾರೆ, ಕೇಳದಿದ್ದರೆ ಇಲ್ಲ.

ಒಳಗೆ ನಾಲ್ಕು ಮೇಜುಗಳು. ಬಾಗಿಲ ಪಕ್ಕದ ಗೋಡೆಯ ಮೇಲೆ ಟಿ.ವಿ. ಅದರ ಎದುರಿನ ಗೋಡೆಯ ಹಿಂದೆ ಅಡುಗೆಮನೆ. ಆ ಗೋಡೆಯಲ್ಲಿ ತಟ್ಟೆ ದಾಟಿಸಲು ಒಂದು ಕಿಂಡಿ ಇದೆ. ಅಗಲ ಎರಡಡಿ, ಎತ್ತರ ಒಂದೂವರೆ ಅಡಿ. ಒಲೆಯ ಮುಂದೆ ನಿಂತು ತಲೆ ಎತ್ತಿದರೆ ಕಿಂಡಿಯ ನೇರಕ್ಕೆ ಟಿ.ವಿ. ಕಾಣುತ್ತದೆ. ಈ ಅಳತೆಗಳನ್ನು ಹೇಳುತ್ತಿರುವುದಕ್ಕೆ ಕಾರಣವಿದೆ. ಸುಮಾರು ಏಳು ವರ್ಷ ಆ ಕಿಂಡಿಗೆ ಒಂದು ಕೆಂಪು ಬಾವುಟ ಇಳಿಬಿದ್ದಿತ್ತು. ಅದು ಅಲ್ಲಿಗೆ ಬಂದದ್ದು ನನ್ನಿಂದ.

ಅನುಸೂಯಮ್ಮ ಹುಟ್ಟಿದ್ದು ಜಾವಗಲ್ಲಿನಲ್ಲಿ. ಅವರ ತಂದೆಗೆ ಎರಡು ಎಕರೆ ತೆಂಗು ಮತ್ತು ಒಂದು ರೇಡಿಯೊ ಇದ್ದವು. ಟೆಸ್ಟ್ ಪಂದ್ಯದ ವೀಕ್ಷಕ ವಿವರಣೆ ಬರುವಾಗ ತಂದೆ ಕಾಯಿ ಸುಲಿಯುತ್ತಾ ಕೇಳುತ್ತಿದ್ದರು, ಮಗಳು ಹಳೆಯ ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ ಸ್ಕೋರು ಬರೆಯುತ್ತಿದ್ದಳು. ಓದು ಏಳನೆಯ ತರಗತಿಗೆ ನಿಂತಿತು. ಸ್ಕೋರು ಬರೆಯುವುದು ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಮದುವೆಯಾಗಿ ಹಳೇಬೀಡಿಗೆ ಬಂದಾಗ ನಿಂತಿತು. ಆಟ ನೋಡುವುದು ಮಾತ್ರ ನಿಲ್ಲಲಿಲ್ಲ. ಕಾಲಿಗೆ ತಾಗಿದ ಚೆಂಡು ಯಾವಾಗ ಔಟು, ಯಾವಾಗ ಅಲ್ಲ ಎನ್ನುವುದನ್ನು ಒಂದು ಲೋಟ ಮತ್ತು ಮೂರು ಚಮಚ ಇಟ್ಟು ಅವರು ನನಗೆ ವಿವರಿಸಿದ್ದು ಇನ್ನೂ ನೆನಪಿದೆ. ಆಗ ನಾನು ಹೈಸ್ಕೂಲಿನಲ್ಲಿದ್ದೆ. ನನ್ನ ಅವ್ವ ಕೆಂಪಲಕ್ಷ್ಮಮ್ಮ ಮತ್ತು ಅವರು ಅಕ್ಕತಂಗಿಯರಂತೆ ಇದ್ದುದರಿಂದ ನಾನು ಅವರನ್ನು ಚಿಕ್ಕಮ್ಮ ಎನ್ನುತ್ತೇನೆ.

ಐಪಿಎಲ್ ಶುರುವಾದ ವರ್ಷ ಬೆಂಗಳೂರು ತಂಡ ಮೊದಲ ಪಂದ್ಯದಲ್ಲೇ ಎಂಬತ್ತೆರಡಕ್ಕೆ ಆಲೌಟ್ ಆಯಿತು. ಅವತ್ತು ಚಿಕ್ಕಮ್ಮ ಹೇಳಿದ್ದು ಇಷ್ಟೇ: "ಮೊದಲನೇ ಹೆಜ್ಜೇಲೇ ಬಿದ್ದ ಮಗಾನ ಯಾರಾದ್ರೂ ಬುಟ್ಟೋಯ್ತಾರಾ?" ಅವರು ಬಿಡಲಿಲ್ಲ.

ನಮ್ಮೂರಿನಿಂದ ಬೆಂಗಳೂರಿನ ಆ ಮೈದಾನ ಇನ್ನೂರು ಕಿಲೋಮೀಟರಿಗಿಂತ ದೂರ. ನಮ್ಮಲ್ಲಿ ಯಾರೂ ಅದರೊಳಗೆ ಕಾಲಿಟ್ಟಿರಲಿಲ್ಲ. ತಂಡದಲ್ಲಿ ನಮ್ಮ ಕಡೆಯವರು ಒಬ್ಬಿಬ್ಬರು ಇದ್ದರೆ ಹೆಚ್ಚು. ಆದರೂ ಹೆಸರಿನಲ್ಲಿ ಬೆಂಗಳೂರು ಇದೆ ಎನ್ನುವುದೊಂದೇ ಸಾಕಾಗಿತ್ತು. ಅರಸೀಕೆರೆಯಲ್ಲಿ ಹಾಗಿರಲಿಲ್ಲ. ಅದು ರೈಲು ಊರು. ಸ್ಟೇಷನ್ ರಸ್ತೆಯಲ್ಲಿ ಮುಂಬೈಯ ನೀಲಿ ಅಂಗಿಯೂ ಕಾಣುತ್ತದೆ, ಚೆನ್ನೈಯ ಹಳದಿಯೂ ಕಾಣುತ್ತದೆ. ಹಳೇಬೀಡಿನಲ್ಲಿ ಹಳದಿ ಅಂಗಿ ಕಂಡರೆ ಅದು ದೇವಸ್ಥಾನ ನೋಡಲು ತಮಿಳುನಾಡಿನ ಬಸ್ಸಿನಲ್ಲಿ ಬಂದವರದೇ.

ಅಂಥ ಬಸ್ಸಿನ ಒಂದು ಹಳದಿ ಗುಂಪು ಒಮ್ಮೆ ಹೋಟೆಲಿಗೆ ಬಂದಿತ್ತು. ಟೆಂಪೋ ಓಡಿಸುವ ಚನ್ನೇಶ್ ನಮ್ಮ ಅಭಿಮಾನಿ ಬಳಗದ ಮುಂದಾಳು. ಅವನು ಮೇಜು ಬಿಟ್ಟುಕೊಡದೆ ಕಾಲು ಚಾಚಿ ಕುಳಿತ.

"ಎದ್ದೇಳೋ ಚನ್ನೇಶ, ಇಡ್ಲಿ ತಿನ್ನಕ್ಕೆ ಬಂದವ್ರೆ, ಕಪ್ ಕಿತ್ಕಳಕ್ಕಲ್ಲ," ಎಂದರು ಚಿಕ್ಕಮ್ಮ.

"ಕಪ್ ಆಗ್ಲೇ ಕಿತ್ಕಂಡವ್ರೆ ಬುಡಕ್ಕಾ."

"ಚೆನ್ನಾಗಾಡವ್ರೆ, ಕಿತ್ಕಂಡವ್ರೆ. ಏಳು."

ಅವರು ಹಳದಿ ಅಂಗಿಗಳಿಗೆ ಎರಡನೆಯ ಸಲ ಚಟ್ನಿ ಹಾಕಿದ್ದನ್ನು ಚನ್ನೇಶ್ ಬಹಳ ದಿನ ಮರೆಯಲಿಲ್ಲ.

ನಾನು ಅರಸೀಕೆರೆಯಲ್ಲಿ ಬಿ.ಎಸ್ಸಿ. ಮುಗಿಸಿ ಬಂದು ಊರಿನ ಹಾಲಿನ ಡೇರಿಯಲ್ಲಿ ಟೆಸ್ಟರ್ ಆಗಿ ಸೇರಿದೆ. ಬೆಳಿಗ್ಗೆ ಆರಕ್ಕೆ, ಸಂಜೆ ಐದಕ್ಕೆ ಜನ ಹಾಲು ತರುತ್ತಾರೆ. ಲ್ಯಾಕ್ಟೋಮೀಟರ್ ಎನ್ನುವ ಗಾಜಿನ ಅಳತೆಗೋಲನ್ನು ಹಾಲಿನೊಳಗೆ ಇಳಿಸಿ, ಅದು ಅಲುಗಾಡುವುದು ನಿಂತ ಮೇಲೆ, ಕಣ್ಣನ್ನು ಗೆರೆಯ ಮಟ್ಟಕ್ಕೆ ತಂದು ಓದಬೇಕು. ಹಾಲಿಗೆ ನೀರು ಬೆರೆತಿದ್ದರೆ ಅದು ಹೆಚ್ಚು ಮುಳುಗುತ್ತದೆ, ಅಂಕಿ ಇಳಿಯುತ್ತದೆ. "ಎಷ್ಟು ಬಂತು?" ಎನ್ನುತ್ತಾರೆ. "ಇಪ್ಪತ್ತೆಂಟು" ಎನ್ನುತ್ತೇನೆ. ಚೀಟಿ ಮಡಚಿಕೊಂಡು ಹೋಗುತ್ತಾರೆ. ಬಗ್ಗಿ ನೋಡಿದವರಿಲ್ಲ. ಊರಿಗೆ ನಾನು ಬೀರೇಶ್ ಅಲ್ಲ, 'ಟೆಸ್ಟ್ರು'. ನಾನು ಬರೆದ ಅಂಕಿಯನ್ನು ಅನುಮಾನಿಸುವುದು ಯಾರಿಗೂ ಹೊಳೆಯುತ್ತಿರಲಿಲ್ಲ.

೨೦೧೯ರ ಮಾರ್ಚಿನಲ್ಲಿ ಚಿಕ್ಕಮ್ಮ ಹೊಸ ಟಿ.ವಿ. ತಂದರು. ಅರಸೀಕೆರೆಯಿಂದ ಬಸ್ಸಿನಲ್ಲಿ, ಪೆಟ್ಟಿಗೆಯನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ತಂದದ್ದು. ಅದರಲ್ಲಿ ಮೊದಲು ನೋಡಿದ ಪಂದ್ಯದಲ್ಲಿ ನಮ್ಮವರು ಎಪ್ಪತ್ತಕ್ಕೆ ಆಲೌಟ್. ಆ ವರ್ಷ ತಂಡ ಮೊದಲ ಆರು ಪಂದ್ಯಗಳನ್ನು ಸಾಲಾಗಿ ಸೋತಿತು. ಆರನ್ನೂ ಚಿಕ್ಕಮ್ಮ ಮುಂದಿನ ಮೇಜಿನಲ್ಲಿ, ಬೀನ್ಸ್ ಬಿಡಿಸುತ್ತಾ ಕುಳಿತು ನೋಡಿದರು. ಏಳನೆಯ ಪಂದ್ಯದ ದಿನ ತಂಗಿಯ ಮೊಮ್ಮಗುವಿನ ನಾಮಕರಣಕ್ಕೆ ಜಾವಗಲ್ಲಿಗೆ ಹೋಗಿದ್ದರು. ತಂಡ ಗೆದ್ದಿತು. ಎಂಟನೆಯದಕ್ಕೆ ವಾಪಸ್ಸು ಬಂದಿದ್ದರು. ಸೋತಿತು.

"ಅಕ್ಕಾ, ಬೇಜಾರ್ ಮಾಡ್ಕಬ್ಯಾಡ್ರಿ," ಎಂದ ಚನ್ನೇಶ್. "ನಿಮ್ಮ ಕಣ್ಣು ಬೀಳ್ತದೆ, ನಮ್ಮವ್ರು ಬೀಳ್ತಾರೆ."

"ನನ್ನ ಕಣ್ಣು ಎಂಥದೋ, ಅವ್ರು ಬ್ಯಾಟ್ ಬೀಸೋದ ನೋಡು ಮೊದ್ಲು," ಎಂದು ಚಿಕ್ಕಮ್ಮ ನಕ್ಕರು. ಎಲ್ಲರೂ ನಕ್ಕರು.

ಅಲ್ಲಿಗೆ ಅದು ಮುಗಿಯಬೇಕಿತ್ತು. ಮುಗಿಯಗೊಡದವನು ನಾನು. ಜೇಬಿನಲ್ಲಿ ಡೇರಿಯ ನೋಟ್ ಪುಸ್ತಕವಿತ್ತು. ತಮಾಷೆಗೆ ಗೆರೆ ಎಳೆದು ಮೂರು ಅಂಕಣ ಮಾಡಿದೆ: ಪಂದ್ಯದ ಸಂಖ್ಯೆ, ಅನುಸೂಯಮ್ಮ ನೋಡಿದರೋ ಇಲ್ಲವೋ, ಫಲಿತಾಂಶ. ಎಂಟು ಸಾಲು ತುಂಬಿಸಿ ಓದಿದೆ. "ನೋಡಿದ್ದು ಏಳು, ಏಳೂ ಸೋಲು. ನೋಡದ್ದು ಒಂದು, ಗೆಲುವು."

ನಗು ನಿಂತಿತು. ಚನ್ನೇಶ್ ಪುಸ್ತಕವನ್ನು ಇಸಿದುಕೊಂಡು ಎರಡು ಸಲ ನೋಡಿದ. "ಟೆಸ್ಟ್ರೇ ಬರ್ದವ್ರೆ ಅಂದ್ಮೇಲೆ..." ಎಂದ.

ಆ ತಂಡ ಆ ವರ್ಷ ಯಾರು ನೋಡಿದರೂ ಸೋಲುತ್ತಿತ್ತು ಎಂದು ನನಗೆ ಗೊತ್ತಿತ್ತು. ಇನ್ನೂ ಒಂದು ಗೊತ್ತಿತ್ತು. ಮೂರು ವರ್ಷದ ಹಿಂದೆ ನಮ್ಮವರು ಫೈನಲ್‌ವರೆಗೆ ಹೋದಾಗ ಪ್ರತಿ ಗೆಲುವನ್ನೂ ಚಿಕ್ಕಮ್ಮ ಹಳೆಯ ಟಿ.ವಿ.ಯಲ್ಲಿ ನೋಡಿದ್ದರು, ನಾನು ಪಕ್ಕದಲ್ಲೇ ಕುಳಿತಿದ್ದೆ. ಪಟ್ಟಿಯನ್ನು ಎಲ್ಲಿಂದ ಶುರು ಮಾಡಬೇಕು ಎನ್ನುವುದು ನನ್ನ ಕೈಯಲ್ಲಿತ್ತು. ನಗು ಹುಟ್ಟುವ ಕಡೆಯಿಂದ ಶುರು ಮಾಡಿದೆ.

ಒಂಬತ್ತನೆಯ ಪಂದ್ಯದ ದಿನ ರಘು ತಂಡದ ಬಾವುಟ ತಂದ. ಅವನು ಬಸ್ ನಿಲ್ದಾಣದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ. "ಅಮ್ಮಾ, ಬರೀ ಈ ಸೀಸನ್ನಿಗೆ ಅಷ್ಟೇ" ಎಂದು ಹೇಳಿ ಕಿಂಡಿಯ ಮೇಲೆ ಎರಡು ಮೊಳೆ ಹೊಡೆದು ಬಾವುಟ ಇಳಿಬಿಟ್ಟ. ಚಿಕ್ಕಮ್ಮ ಅದರ ಅಂಚನ್ನು ಎತ್ತಿ ಬಜ್ಜಿಯ ತಟ್ಟೆ ದಾಟಿಸಿದರು, ತಕ್ಷಣ ಬಿಟ್ಟರು. ತಂಡ ಗೆದ್ದಿತು. ಹತ್ತನೆಯದನ್ನು ಒಂದೇ ರನ್ನಿನಿಂದ ಗೆದ್ದಿತು. ಹನ್ನೊಂದನೆಯದನ್ನೂ ಗೆದ್ದಿತು. ನಾನು ಬರೆಯುತ್ತಾ ಹೋದೆ.

ಹನ್ನೆರಡನೆಯ ಪಂದ್ಯ ಏಪ್ರಿಲ್ ಇಪ್ಪತ್ತೆಂಟು, ಭಾನುವಾರ, ಮಧ್ಯಾಹ್ನ ನಾಲ್ಕಕ್ಕೆ. ಮೂರು ಗಂಟೆಗೆ ನನ್ನ ಅವ್ವ ಬಚ್ಚಲಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಊದಿಕೊಂಡಿತು. ನಾನು ಆಗಲೇ ಹೋಟೆಲಿಗೆ ಹೊರಟು ನಿಂತಿದ್ದೆ. ಸುದ್ದಿ ತಿಳಿದು ಚಿಕ್ಕಮ್ಮ ಹಿತ್ತಲ ದಾರಿಯಿಂದ ಬಂದರು. ಅವ್ವನ ಕೈಗೆ ಟವೆಲ್ ಸುತ್ತಿದರು, ಆಟೋ ತರಿಸಿದರು.

"ನೀನು ಬತ್ತೀಯೇನೋ?" ಎಂದು ಕೇಳಿದರು.

ನಾನು ಹೋಟೆಲಿನ ದಿಕ್ಕಿಗೆ ನೋಡಿದೆ. ನನ್ನ ಮುಖದಲ್ಲಿ ಏನು ಕಂಡಿತೋ, ಅವರೇ ಹೇಳಿದರು: "ಹೋಗ್ಲಿ ಬುಡು, ನೀನು ನಿನ್ನ ಪಟ್ಟಿ ಬರ್ಕೊ. ನಾನು ಕರ್ಕಂಡೋಯ್ತೀನಿ."

ನಾನು ಪಟ್ಟಿ ಬರೆಯಲು ಹೋದೆ. ಆಟೋ ಬೇಲೂರಿನ ಕಡೆಗೆ ಹೋಯಿತು.

ತಂಡ ಸೋತಿತು. ಕೊನೆಯ ಓವರ್ ಮುಗಿದಾಗ ಎಲ್ಲರ ಮುಖವೂ ಬಾವುಟದ ಕಡೆಗೆ ತಿರುಗಿತು. ಫ್ಯಾನಿನ ಗಾಳಿಗೆ ಅದರ ಒಂದು ಮೂಲೆ ಏಳುತ್ತಿತ್ತು, ಬೀಳುತ್ತಿತ್ತು.

"ಅಕ್ಕ ಒಳಗೇ ತಾನೇ ಇದ್ದಿದ್ದು?" ಎಂದ ಚನ್ನೇಶ್.

"ಮೂಲೆ ಎದ್ದೈತೆ ನೋಡು. ಕಿಂಡೀಲಿ ನೋಡ್ಬುಟ್ಟವ್ರೆ," ಎಂದ ರಘು.

"ಏನ್ಲಾ ಟೆಸ್ಟ್ರೇ, ಏನಂತ ಬರ್ಕಳ್ತೀಯ?" ಎಂದು ಚನ್ನೇಶ್ ನನ್ನ ಕಡೆ ತಿರುಗಿದ.

ಅವರು ಇಲ್ಲಿ ಇರಲೇ ಇಲ್ಲ ಎನ್ನಬಹುದಿತ್ತು. ಎಂದರೆ ಎಲ್ಲಿದ್ದಾರೆ ಎಂದು ಕೇಳುತ್ತಿದ್ದರು. ನನ್ನ ಅವ್ವ ಬಿದ್ದು ಕೈ ಊದಿಕೊಂಡಿದೆ, ಅವಳನ್ನು ಆಸ್ಪತ್ರೆಗೆ ಇನ್ನೊಬ್ಬರ ಜೊತೆ ಕಳಿಸಿ ನಾನು ಇಲ್ಲಿ ಬಜ್ಜಿ ತಿನ್ನುತ್ತಾ ಕುಳಿತಿದ್ದೇನೆ ಎಂದು ಹೇಳಬೇಕಾಗುತ್ತಿತ್ತು. ನಾನು ತಲೆ ಬಗ್ಗಿಸಿ ಹನ್ನೆರಡನೆಯ ಸಾಲಿನಲ್ಲಿ 'ಕಿಂಡಿಯಿಂದ ನೋಡಿದರು' ಎಂದು ಬರೆದೆ. ಅದರ ಮುಂದೆ 'ಸೋಲು'. ಅಕ್ಷರಗಳು ನೆಟ್ಟಗೆ ಬಂದವು.

ಆ ಸಂಜೆ ಅವ್ವ ಮುರಿದ ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಬಂದಳು. ಚಿಕ್ಕಮ್ಮ ಅವಳಿಗೆ ಗಂಜಿ ಕುಡಿಸಿ ಹೋದರು. ನನ್ನನ್ನು ಕೇಳಿದ್ದು ಒಂದೇ ಮಾತು: "ಗೆದ್ರಾ?"

ಸೀಸನ್ ಮುಗಿದ ಮೇಲೆ ಚನ್ನೇಶ್ ನನ್ನ ಪಟ್ಟಿಯನ್ನು ಅರಸೀಕೆರೆಯಲ್ಲಿ ಟೈಪ್ ಮಾಡಿಸಿ, ಲ್ಯಾಮಿನೇಷನ್ ಮಾಡಿಸಿ, ಟಿ.ವಿ.ಯ ಪಕ್ಕ ತೂಗುಹಾಕಿದ. ಹದಿನಾಲ್ಕು ಸಾಲು. ಕೆಳಗೆ ನನ್ನ ಹೆಸರು, ಮುಂದೆ ಬಿ.ಎಸ್ಸಿ. ಒಂದು ಪಂದ್ಯ ಮಳೆಗೆ ನಿಂತದ್ದು ಬಿಟ್ಟರೆ, ನೋಡಿದ್ದಕ್ಕೆಲ್ಲ ಸೋಲು, ನೋಡದ್ದಕ್ಕೆಲ್ಲ ಗೆಲುವು. ಹನ್ನೆರಡನೆಯ ಸಾಲು ಸರಿಯಾಗಿದ್ದಿದ್ದರೆ ಆ ಪಟ್ಟಿ ಗೋಡೆ ಹತ್ತುತ್ತಿರಲಿಲ್ಲ. ಅವರಿಲ್ಲದೆಯೂ ತಂಡ ಸೋಲುತ್ತದೆ ಎನ್ನುವುದಕ್ಕೆ ಇದ್ದ ಒಂದೇ ಒಂದು ಸಾಕ್ಷಿಯನ್ನು ನಾನು ತಿರುಚಿದ್ದೆ.

ಒಂದು ಸೀಸನ್ನಿಗೆ ಎಂದದ್ದು ಏಳು ಸೀಸನ್ ಆಯಿತು. ತಂಡ ಸೋತಾಗಲೆಲ್ಲ ಬಾವುಟದ ಮೂಲೆ ಎದ್ದಿರಬೇಕು ಎನ್ನುತ್ತಿದ್ದರು, ಗೆದ್ದಾಗ ಪಟ್ಟಿಯನ್ನು ತೋರಿಸುತ್ತಿದ್ದರು. ಕೊರೊನಾ ವರ್ಷ ಹೋಟೆಲ್ ಮುಚ್ಚಿದ್ದಾಗಲೂ ಚಿಕ್ಕಮ್ಮ ಪಂದ್ಯ ನೋಡಲಿಲ್ಲ. ಅಡುಗೆಮನೆಯಲ್ಲಿ ನಿಂತು ಸದ್ದಿನಿಂದಲೇ ಆಟ ತಿಳಿಯುವುದನ್ನು ಕಲಿತರು. ಚಪ್ಪಾಳೆ ಬಂದರೆ ನಾಲ್ಕು. ಬೆಂಚು ಹಿಂದೆ ಸರಿದ ಸದ್ದು ಬಂದರೆ ಆರು. ನಮ್ಮ ವಿಕೆಟ್ ಬಿದ್ದರೆ ಚನ್ನೇಶನ ಬೈಗುಳ, ಎದುರಾಳಿಯದು ಬಿದ್ದರೆ ರಘುವಿನ ಸೀಟಿ. ಒಮ್ಮೆ ಬಾವುಟದ ಹಿಂದಿನಿಂದ ದನಿ ಬಂತು: "ಔಟಲ್ಲ ಕಣ್ರೋ ಅದು, ಚೆಂಡು ಆಚೆ ಹೋಯ್ತದೆ. ರಿವ್ಯೂ ತಗಳ್ಳಿ!"

"ಅಕ್ಕಾ! ನೋಡ್ಬುಟ್ರಾ?"

"ಇಲ್ಲಪ್ಪೋ. ಕಾಮೆಂಟ್ರಿ ಕೇಳುಸ್ತು. ಇನ್ನು ಕಿವೀನೂ ಮುಚ್ಕಬೇಕಾ?"

ಆಚೆ ಎಲ್ಲರೂ ನಕ್ಕರು. ನಾನೂ ನಕ್ಕೆ. ಮುಂದಿನ ಪಂದ್ಯದಿಂದ ಅವರು ಅಡುಗೆಮನೆಯಲ್ಲಿ ಮಿಕ್ಸಿ ಹಾಕಿಕೊಂಡು ನಿಲ್ಲತೊಡಗಿದರು.

ಕಳೆದ ವರ್ಷ ತಂಡ ಫೈನಲ್ ತಲುಪಿದಾಗ ಅಡುಗೆಮನೆಯೂ ಟಿ.ವಿ.ಗೆ ತೀರಾ ಹತ್ತಿರವಾಯಿತು ಎಂದು ಅವರಿಗೆ ಅನ್ನಿಸಿತು. ಯಾರೂ ಹೇಳಿರಲಿಲ್ಲ. ಸಂಜೆಯೇ ಬಜ್ಜಿ ಹಿಟ್ಟು ಕಲಸಿಟ್ಟು, ನಮ್ಮ ಮನೆಗೆ ಬಂದು, ಟಿ.ವಿ. ಆರಿಸಿ ಅವ್ವನ ಜೊತೆ ಕುಳಿತರಂತೆ. ಅವ್ವ ನನಗೆ ಆಮೇಲೆ ಹೇಳಿದಳು: "ಊರಲ್ಲಿ ಪಟಾಕಿ ಹೊಡುದ್ರು. ಗೆದ್ರು ಕಣಕ್ಕ ಅಂದ್ಲು. ಸೆರಗಲ್ಲಿ ಮುಖ ಒರೆಸ್ಕಂಡ್ಲು. ಹದಿನೆಂಟು ವರ್ಷ ಕಾದೋಳು, ನೋಡ್ಲೇ ಇಲ್ವಲ್ಲೋ."

ಮರುದಿನ ಬೆಂಗಳೂರಿನಿಂದ ವಿಜಯೋತ್ಸವದಲ್ಲಾದ ಕಾಲ್ತುಳಿತದ ಸುದ್ದಿ ಬಂತು. ನಮ್ಮ ಬಳಗ ಮೆರವಣಿಗೆ ಕೈಬಿಟ್ಟಿತು. ಮೂರು ವಾರ ಕಳೆದ ಮೇಲೆ ಚನ್ನೇಶ್ ಬೇರೆ ಯೋಚನೆ ತಂದ: ಅನುಸೂಯಮ್ಮನವರಿಗೆ ಸನ್ಮಾನ.

ಭಾನುವಾರ ಬೆಳಿಗ್ಗೆ ಹೋಟೆಲಿನ ಮುಂದೆ ಶಾಮಿಯಾನ ಹಾಕಿದರು. ಕುರ್ಚಿಯಲ್ಲಿ ಚಿಕ್ಕಮ್ಮನನ್ನು ಕೂರಿಸಿ, ಶಾಲು ಹೊದಿಸಿ, ತಲೆಗೆ ಮೈಸೂರು ಪೇಟ ಇಟ್ಟು, ಕೈಗೆ ಹಣ್ಣಿನ ಬುಟ್ಟಿ ಕೊಟ್ಟರು. ಪೇಟ ದೊಡ್ಡದಾಗಿ ಹುಬ್ಬಿನವರೆಗೆ ಇಳಿದಿತ್ತು. ಚನ್ನೇಶ್ ಮೈಕ್ ಹಿಡಿದ.

"ಕಪ್ ಗೆದ್ದಿದ್ದು ಹನ್ನೊಂದು ಜನ ಅಂತ ಪೇಪರ್ನಾಗೆ ಬಂದೈತೆ. ತಪ್ಪು. ಹನ್ನೆರಡು ಜನ. ಹನ್ನೆರಡನೇವ್ರು ಇಲ್ಲೇ ಅವ್ರೆ. ಆಡಿ ಗೆಲ್ಸಿದ್ದಲ್ಲ, ನೋಡ್ದಲೇ ಗೆಲ್ಸಿದ್ರು!"

ಶಿಳ್ಳೆ, ಚಪ್ಪಾಳೆ. ಚಿಕ್ಕಮ್ಮ ಹಣ್ಣಿನ ಬುಟ್ಟಿಯನ್ನು ನೋಡುತ್ತಿದ್ದರು. ಚನ್ನೇಶ್ ಗೋಡೆಯಿಂದ ಪಟ್ಟಿ ಇಳಿಸಿ ತಂದು ನನ್ನ ಕೈಗೆ ಕೊಟ್ಟ. "ಈಗ ನಮ್ಮ ಟೆಸ್ಟ್ರು ಇದ್ನ ಓದ್ತಾರೆ."

ನಾನು ಓದಿದೆ. ಒಂದರಿಂದ ಎಂಟು. ಪ್ರತಿ ಸಾಲಿಗೂ ಜನ 'ಓ' ಎನ್ನುತ್ತಿದ್ದರು. ಹನ್ನೊಂದು ಮುಗಿದಾಗ ನಿಲ್ಲಬಹುದಿತ್ತು. ನಿಲ್ಲಲಿಲ್ಲ. "ಹನ್ನೆರಡು. ಕಿಂಡಿಯಿಂದ ನೋಡಿದರು. ಸೋಲು."

ಎಲ್ಲರೂ ಹೋ ಎಂದು ನಕ್ಕರು. ಚಿಕ್ಕಮ್ಮ ಪೇಟವನ್ನು ಒಂದು ಬೆರಳಿನಿಂದ ಮೇಲೆ ಸರಿಸಿ ನನ್ನನ್ನು ನೋಡಿದರು. ಸಿಟ್ಟಿರಲಿಲ್ಲ. ಏನೋ ನೆನಪಿಸಿಕೊಳ್ಳಲು ಪ್ರಯತ್ನಿಸುತ್ತಿರುವ ನೋಟ. ಆ ನೋಟವನ್ನು ನಾನು ಹದಿಮೂರು, ಹದಿನಾಲ್ಕನೆಯ ಸಾಲುಗಳುದ್ದಕ್ಕೂ ತಪ್ಪಿಸಿದೆ.

ಎರಡು ದಿನ ಬಿಟ್ಟು, ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತು ನೋಡಿ, ಅಡುಗೆಮನೆಗೆ ಹೋದೆ. ಅವರು ಕಾಯಿ ತುರಿಯುತ್ತಿದ್ದರು. ಶಾಲು ಮಡಚಿ ಅಕ್ಕಿ ಡಬ್ಬದ ಮೇಲೆ ಇಟ್ಟಿದ್ದರು.

"ಚಿಕ್ಕಮ್ಮ, ಹನ್ನೆರಡನೇ ಸಾಲು ಸುಳ್ಳು," ಎಂದೆ.

ತುರಿಯುವುದು ನಿಲ್ಲಲಿಲ್ಲ. "ಅವತ್ತೇ ತಾನೇ ನಿಮ್ಮವ್ವನ ಕೈ ಮುರಿದಿದ್ದು?"

"ಅವತ್ತೇ."

ಈಗ ಕೈ ನಿಂತಿತು. "ಹಂಗಾದ್ರೆ ನಂಗೆ ನೆನಪಿರೋದು ಸರಿನೇ."

ನನಗೆ ಅರ್ಥವಾಗಲಿಲ್ಲ. ಅವರು ಕೈಯ ತುರಿ ಕೊಡವಿಕೊಂಡು ಹೇಳಿದರು: "ಗೋಡೆ ಮೇಲೆ ಹಾಕ್ದಾಗ್ಲೇ ನೋಡ್ದೆ. ಬೇಲೂರಾಸ್ಪತ್ರೇಲಿ ನಿಮ್ಮವ್ವನ ಪಕ್ಕ ಕೂತಿದ್ದೋಳು ಕಿಂಡೀಲಿ ಎಂಗೆ ನೋಡ್ಲಿ ಅಂತ ನಗು ಬಂತು. ಯೋಳಾನ ಅನ್ಕಂಡೆ. ಯೋಳಿದ್ರೆ ನಿನ್ನ ಆಡ್ಕಳೋರು. ಅವ್ವನ್ನ ಬುಟ್ಟು ಮ್ಯಾಚ್ ನೋಡ್ದ ಅನ್ನೋರು. ಹೆಣ್ಣು ನೋಡ್ತಿದ್ರು ನಿಂಗೆ ಆಗ. ಸುಮ್ನಾದೆ."

"ಆಮೇಲೆ?"

"ಆಮೇಲೆ ದಿನಾ ಮೇಜು ಒರಸ್ತಾ ಅದ್ನೇ ಓದೀ ಓದೀ, ನಂಗೇ ಅನುಮಾನ ಬಂತು ಕಣೋ. ಆಸ್ಪತ್ರೆಗೆ ಹೋಗಿದ್ದು ಬ್ಯಾರೆ ಭಾನುವಾರನೇನೋ. ನೋಡಿದ್ನೇನೋ. ನಾನು ಏಳನೇ ಕ್ಲಾಸು. ನೀನು ಊರ ಹಾಲು ಅಳೆಯೋನು. ಸುಮ್ಸುಮ್ನೆ ಬರಿತೀಯಾ ಅನ್ಕಂಡೆ."

ಒಲೆಯ ಮೇಲೆ ನೀರು ಕುದಿಯುತ್ತಿತ್ತು. ನಾನು ನೆಲ ನೋಡುತ್ತಾ "ತಪ್ಪಾಯ್ತು ಚಿಕ್ಕಮ್ಮ" ಎಂದೆ.

"ನಂಗ್ ಯೋಳಿ ಏನ್ ಮಾಡ್ತೀಯ? ಸಾಲು ಗೋಡೆ ಮೇಲೈತೆ," ಎಂದು ಮತ್ತೆ ತುರಿಯತೊಡಗಿದರು.

ಅಂದೇ ತಿದ್ದಬಹುದಿತ್ತು. ಮುಂದಿನ ವಾರ ಎಂದುಕೊಂಡೆ. ಗಣಪತಿ ಹಬ್ಬ ಕಳೆಯಲಿ, ರಾಗಿ ಕಟಾವು ಮುಗಿಯಲಿ ಎಂದುಕೊಂಡೆ. ಎಂಟು ತಿಂಗಳು ಹೋಯಿತು. ಪ್ರತಿದಿನ ಬೆಳಿಗ್ಗೆ ಅವರು ತಮ್ಮ ಹಸುಗಳ ಹಾಲಿನಲ್ಲಿ ಹೋಟೆಲಿಗೆ ಬಳಸಿ ಉಳಿದದ್ದನ್ನು ಕ್ಯಾನಿನಲ್ಲಿ ತಂದು ಡೇರಿಯ ಕಟ್ಟೆಯ ಮೇಲಿಡುತ್ತಿದ್ದರು. ಒಂದು ಸಲವೂ ಆ ವಿಷಯ ಎತ್ತಲಿಲ್ಲ. ಎಂದಿನಂತೆ ಚೀಟಿ ಮಡಚಿಕೊಂಡು ಹೋಗುತ್ತಿದ್ದರು. ನಾನು ಹೇಳಿದ ಅಂಕಿಯನ್ನು ಅವರು ಆಗಲೂ ನಂಬುತ್ತಿದ್ದುದೇ ನನಗೆ ತಡೆದುಕೊಳ್ಳಲಾಗದ ಸಂಗತಿಯಾಗಿತ್ತು.

ಈ ವರ್ಷ ಪಂದ್ಯಗಳು ಶುರುವಾಗುವ ಹಿಂದಿನ ಭಾನುವಾರ ಬಳಗದ ಹತ್ತು ಹನ್ನೆರಡು ಜನ ಹೋಟೆಲಿನಲ್ಲಿ ಸೇರಿದ್ದೆವು. ಚನ್ನೇಶ್ ಹೊಸ ಬಾವುಟ ತಂದಿದ್ದ. "ಹಳೇದು ಎಣ್ಣೆ ಹಿಡ್ದೈತೆ. ಚಾಂಪಿಯನ್ ಆದ್ಮೇಲೆ ಹಿಂಗಿದ್ರೆ ಎಂಗೆ?" ಎನ್ನುತ್ತಾ ಸ್ಟೂಲ್ ಹತ್ತಿ ಹಳೆಯದನ್ನು ಕಿತ್ತ. ಕಿಂಡಿಯ ಹಿಂದೆ ಚಿಕ್ಕಮ್ಮ ನಿಂತಿದ್ದರು. ಅವರ ಮುಖ ಕಂಡಿತು, ಅಷ್ಟರಲ್ಲಿ ಅವನು ಹೊಸದನ್ನು ಮೊಳೆಗೆ ಹಿಡಿದ.

"ತಡಿ ಚನ್ನೇಶಣ್ಣ," ಎಂದೆ.

ರಘುವಿನ ಜೇಬಿನಲ್ಲಿ ಮಾರ್ಕರ್ ಪೆನ್ನಿತ್ತು. ಇಸಿದುಕೊಂಡೆ. ಪಟ್ಟಿಯನ್ನು ಇಳಿಸಿ ಮೇಜಿನ ಮೇಲಿಟ್ಟೆ. ಪ್ರಯೋಗದ ದಾಖಲೆಯಲ್ಲಿ ತಪ್ಪಾದರೆ ಅಳಿಸಬಾರದು, ಅದರ ಮೇಲೆ ಒಂದೇ ಗೆರೆ ಎಳೆಯಬೇಕು, ತಪ್ಪು ಓದಲು ಸಿಗುವಂತಿರಬೇಕು ಎಂದು ನಮಗೆ ಕಾಲೇಜಿನಲ್ಲಿ ಕಲಿಸಿದ್ದರು. 'ಕಿಂಡಿಯಿಂದ ನೋಡಿದರು' ಎನ್ನುವುದರ ಮೇಲೆ ಒಂದು ಗೆರೆ ಎಳೆದೆ. ಪಕ್ಕದಲ್ಲಿ ಬರೆದೆ: 'ನೋಡಲಿಲ್ಲ. ನನ್ನ ತಾಯಿಯನ್ನು ಬೇಲೂರಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದರು.' ಸಹಿ ಮಾಡಿ ತಾರೀಕು ಹಾಕಿದೆ. ಆಮೇಲೆ ಅದನ್ನು ಗಟ್ಟಿಯಾಗಿ ಓದಿದೆ.

ಮೊದಲು ಮಾತಾಡಿದ್ದು, ನಾನು ಎಣಿಸದಿದ್ದವರು. ಟೀ ಸೋಸುತ್ತಿದ್ದ ರಾಮಣ್ಣ ತಲೆ ಎತ್ತದೆ ಹೇಳಿದರು: "ಅವತ್ತು ಬಜ್ಜಿ ಕರ್ದಿದ್ದು ನಾನು. ಸೀದೋಗಿತ್ತು. ಯಾರೂ ಕೇಳ್ಲಿಲ್ಲ."

ಚನ್ನೇಶ್ ಸ್ಟೂಲಿನಿಂದ ಇಳಿದ. "ನಿಮ್ಮವ್ವಂಗೆ ಕೈ ಮುರಿದಿತ್ತು. ನೀನು ಇಲ್ಲಿ ಕೂತು ಮ್ಯಾಚ್ ನೋಡ್ದೇನ್ಲಾ?"

"ಹೂಂ."

"ನನ್ನ ಟೆಂಪೋ ಬಾಗಿಲಲ್ಲೇ ನಿಂತಿತ್ತಲ್ಲೋ. ಒಂದ್ ಮಾತು ಯೋಳಿದ್ರೆ ನಾನೇ ಕರ್ಕಂಡೋಯ್ತಿರ್ಲಿಲ್ವಾ?" ಅವನ ದನಿ ಏರಲಿಲ್ಲ. ಏರಿದ್ದರೆ ಸುಲಭವಾಗುತ್ತಿತ್ತು. ಅವ್ವನನ್ನು ಬಿಟ್ಟು ಮ್ಯಾಚ್ ನೋಡಿದೆ ಎನ್ನುವ, ಏಳು ವರ್ಷ ನಾನು ಹೆದರಿದ್ದ ಮಾತು ಅದೇ ಪದಗಳಲ್ಲಿ ಬಂದಿತ್ತು.

ರಘು ಪಟ್ಟಿಯ ಮೇಲೆ ಬೆರಳಾಡಿಸುತ್ತಿದ್ದ. "ಒಂದ್ ಸಾಲು ತಪ್ಪಾದ್ರೆ ಮಿಕ್ಕಿದ್ದು ಸರಿ ತಾನೇ? ಹೋದ್ವರ್ಷ ಅಮ್ಮ ನೋಡ್ಲಿಲ್ಲ, ಕಪ್ ಬಂತಲ್ಲ."

ನಾನು ೨೦೧೬ರ ಗೆಲುವುಗಳನ್ನು ಒಂದೊಂದಾಗಿ ಹೇಳಿದೆ, ಅವನ್ನು ಚಿಕ್ಕಮ್ಮ ಎಲ್ಲಿ ಕುಳಿತು ನೋಡಿದರು ಎನ್ನುವುದನ್ನೂ ಹೇಳಿದೆ. ಅರ್ಧ ಜನ ಕೇಳಿಸಿಕೊಂಡರು. ಉಳಿದರ್ಧ ಜನ ನನ್ನ ಮಾತನ್ನು ಇನ್ನು ಎಷ್ಟು ನಂಬಬೇಕು ಎಂದು ಲೆಕ್ಕ ಹಾಕುತ್ತಿರುವಂತೆ ಕಂಡರು.

ಅಷ್ಟರಲ್ಲಿ ಕಿಂಡಿಯಿಂದ ಬಜ್ಜಿಯ ತಟ್ಟೆ ಬಂತು. ಹಿಂದೆಯೇ ದನಿ.

"ನಾನು ನೋಡ್ತೀನಿ ಕಣ್ರಪ್ಪ. ಸೋತ್ರೆ ಸೋಲ್ಲಿ, ಮೊದ್ಲು ಸೋತಿಲ್ವಾ? ಟಿ.ವಿ. ನಂದು."

ಚನ್ನೇಶ್ ಕೈಯಲ್ಲಿದ್ದ ಹೊಸ ಬಾವುಟವನ್ನು ನಾಲ್ಕು ಮಡಿಕೆ ಮಾಡಿ ಬೆಂಚಿನ ಮೇಲಿಟ್ಟ. "ಮುಂದಕ್ ಬಂದು ಕೂತ್ಕಳ್ಳಿ ಅಕ್ಕಾ," ಎಂದ. ಅವನ ಕಣ್ಣು ಅವರ ಮುಖದ ಮೇಲಿರಲಿಲ್ಲ.

"ಇಲ್ಲೇ ಅಭ್ಯಾಸ ಆಗದೆ. ಇಲ್ಲಿಂದ ಚೆನ್ನಾಗೇ ಕಾಣ್ತದೆ ಬುಡು," ಎಂದರು ಚಿಕ್ಕಮ್ಮ.

ಮರುದಿನ ಬೆಳಿಗ್ಗೆ ಆರಕ್ಕೆ ಡೇರಿಯ ಬಾಗಿಲು ತೆರೆದೆ. ಮೊದಲು ಬಂದವರು ನಮ್ಮ ಹಿಂದಿನ ಬೀದಿಯ ಗುರುಸಿದ್ದಮ್ಮ. ನಾನು ಲ್ಯಾಕ್ಟೋಮೀಟರ್ ಇಳಿಸಿ "ಇಪ್ಪತ್ತಾರು" ಎಂದೆ. ಅವರು ಚೀಟಿಗೆ ಕೈ ಚಾಚಲಿಲ್ಲ. "ಇನ್ನೊಂದ್ಸಲ ನೋಡಪ್ಪ," ಎಂದರು. ಇನ್ನೊಂದು ಸಲ ನೋಡಿದೆ. ಇಪ್ಪತ್ತಾರೇ. ಅವರ ಹಿಂದಿದ್ದ ತಮ್ಮಯ್ಯನವರು ಕನ್ನಡಕ ಹಾಕಿಕೊಂಡು ಬಂದಿದ್ದರು. ಹನ್ನೊಂದು ವರ್ಷದಲ್ಲಿ ಅವರು ಡೇರಿಗೆ ಕನ್ನಡಕ ತಂದದ್ದು ಅದೇ ಮೊದಲು. ನನ್ನ ಕಿವಿ ಬಿಸಿಯಾಯಿತು. ಆದರೆ ನಾನು ಪಕ್ಕಕ್ಕೆ ಸರಿದು ಅವರಿಗೆ ಜಾಗ ಬಿಟ್ಟೆ. ಕಣ್ಣನ್ನು ಯಾವ ಮಟ್ಟಕ್ಕೆ ತರಬೇಕು ಎಂದು ತೋರಿಸಿದೆ.

ಚಿಕ್ಕಮ್ಮ ಬಂದಾಗ ಏಳು ಗಂಟೆಯಾಗಿತ್ತು. ಸಾಲಿನಲ್ಲಿದ್ದವರು ಸರಿದು ದಾರಿ ಬಿಟ್ಟರು. ಅವರು ಕ್ಯಾನು ಕಟ್ಟೆಯ ಮೇಲಿಟ್ಟರು. ನಾನು ಹಾಲು ಅಳತೆಯ ಜಾಡಿಗೆ ಸುರಿದು ಲ್ಯಾಕ್ಟೋಮೀಟರ್ ಇಳಿಸಿದೆ. ಅದು ತೂಗಾಡುವುದು ನಿಲ್ಲುವವರೆಗೆ ಕಾದೆ. ಅಂಕಿ ಹೇಳಲು ಬಾಯಿ ತೆರೆಯುವ ಮೊದಲೇ ಅವರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಒಂದು ಕೈಯನ್ನು ಮೊಣಕಾಲಿಗೆ ಊರಿ ಬಗ್ಗಿದರು. ಕಣ್ಣನ್ನು ಗೆರೆಯ ಮಟ್ಟಕ್ಕೆ ತಂದು, ನಿಧಾನವಾಗಿ, ಬಹಳ ಹೊತ್ತು ನೋಡಿದರು.

"ಇಪ್ಪತ್ತೊಂಬತ್ತು," ಎಂದರು. "ಬರ್ಕೊ."

ಬರೆದುಕೊಂಡೆ.